ಹಂಪನಕಟ್ಟೆಯಿಂದ ಹತ್ತೇ ನಿಮಿಷ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮಂಗಳೂರಿನ ಹಂಪನಕಟ್ಟೆಯ ಶಾಖೆಯಲ್ಲೇ ಹದಿನೇಳು ವರ್ಷ ಕಳೆದೆ. ವಸಂತ ಎಂದರೆ ನಿಮಗೆ ಮಾವಿನ ಮಿಡಿ, ಗೇರುಹಣ್ಣು, ಬಿಸು ಹಬ್ಬ ನೆನಪಾಗಬಹುದು. ನಮಗೆ ಮಾತ್ರ ಮಾರ್ಚ್ 31, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ.

ಅಂಥ ಒಂದು ಮಾರ್ಚ್ ತಿಂಗಳ ಶನಿವಾರ, ಒಂಬತ್ತು ವರ್ಷದ ಮಗನಿಗೆ ಪುರಭವನದಲ್ಲಿ ಯಕ್ಷಗಾನ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆ ದಿನ ಲೆಕ್ಕದಲ್ಲಿ 37 ಪೈಸೆ ತಾಳೆಯಾಗಲಿಲ್ಲ. ಅದು ಸಿಗುವಾಗ ರಾತ್ರಿ ಒಂಬತ್ತು. ಸಂಜೆಯಿಂದ ಕಾದಿದ್ದ ಹುಡುಗ ಬ್ಯಾಂಕಿನ ಬೆಂಚಿನ ಮೇಲೆಯೇ ನಿದ್ದೆ ಹೋಗಿದ್ದ. ಎತ್ತಿಕೊಂಡು ಮನೆಗೆ ಹೋದೆ. ಅವನು ಮತ್ತೆಂದೂ ಕೇಳಲಿಲ್ಲ.

ಈಗ ಅವನ ಮಗಳು ಐದನೇ ಕ್ಲಾಸು. ಬಿಸು ಕಳೆದ ಮೇಲೆ ಬೆಂಗಳೂರಿನಿಂದ ಬಂದಿದ್ದರು. ಶನಿವಾರ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಹೊರಟೆ. ಮಗ ಲ್ಯಾಪ್‌ಟಾಪ್ ಮುಂದಿದ್ದ. “ಆಫೀಸಿನ ಕೆಲಸ ಉಂಟು ಅಪ್ಪ, ನೀವು ಹೋಗಿ ಬನ್ನಿ” ಎಂದ. ಬೇರೆ ಮಾತಾಡುವ ಬಾಯಿ ನನಗಿರಲಿಲ್ಲ.

“ಅಜ್ಜ, ಕಟ್ಟೆ ಎಲ್ಲುಂಟು?” ಸಿಗ್ನಲ್ ಹತ್ತಿರ ಅವಳ ಮೊದಲ ಪ್ರಶ್ನೆ. ಅಪ್ಪಣ್ಣ ಎಂಬವರು ಇಲ್ಲಿ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತು ಎಂದು ಹಿರಿಯರು ಹೇಳುತ್ತಾರೆ. ಪಕ್ಕದಲ್ಲೇ 1868ರಲ್ಲಿ ಆರಂಭವಾದ, ಈಗಿನ ವಿಶ್ವವಿದ್ಯಾನಿಲಯ ಕಾಲೇಜು. ಅದರ ಆವರಣದಲ್ಲಿರುವ ರವೀಂದ್ರ ಕಲಾಭವನಕ್ಕೆ ಕವಿ ರವೀಂದ್ರನಾಥ ಠಾಕೂರರ ಹೆಸರು.

ಅಲ್ಲಿಂದ ಬಾವುಟಗುಡ್ಡೆಯ ಏರು ಹತ್ತಿದರೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ನನ್ನ ನಡಿಗೆಗೂ ಹತ್ತೇ ನಿಮಿಷ. ಹದಿನೇಳು ವರ್ಷ ಕೆಳಗಿದ್ದ ನಾನು ಒಮ್ಮೆಯೂ ಹತ್ತಿರಲಿಲ್ಲ! ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲ ಕಡೆ ಚಿತ್ರಗಳು. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಕೈಹಾಕಿದ ಕೆಲಸವಿದು. ಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ, 1591ರಲ್ಲಿ ತೀರಿಕೊಂಡಾಗ ಅವರಿಗೆ ಬರೇ 23 ವರ್ಷ.

ಗೋಡೆಯ ಚಿತ್ರಗಳು ಫ್ರೆಸ್ಕೊ ಶೈಲಿಯವು. ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣವನ್ನು ಹಿಡಿದುಕೊಳ್ಳುತ್ತದೆ.

“ತಪ್ಪಿದರೆ ರಬ್ಬರಿನಲ್ಲಿ ಅಳಿಸಲಿಕ್ಕೆ ಆಗುದಿಲ್ವಾ?”

“ಇಲ್ಲ ಮಗಾ. ನಮ್ಮ ಲೆಡ್ಜರಿನಲ್ಲಿಯೂ ಅಳಿಸುವಂತಿರಲಿಲ್ಲ. ಗೀಟು ಎಳೆದು, ಸರಿಯಾದ ಅಂಕಿ ಬರೆದು ಸಹಿ ಹಾಕಬೇಕಿತ್ತು.”

ಇಳಿದು ಬಂದು ಗಡ್‌ಬಡ್ ಐಸ್‌ಕ್ರೀಂ ತಿಂದೆವು. ಉದ್ದ ಗ್ಲಾಸಿನ ತಳದ ಜೆಲ್ಲಿ ಅವಳಿಗೆ, ಮೇಲಿನ ಹಣ್ಣು ನನಗೆ.

ಭಾನುವಾರ ಮಧ್ಯಾಹ್ನ ಪುರಭವನ. ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರು ಹೊತ್ತ ಸಭಾಂಗಣವದು. ಮೇ ತಿಂಗಳ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಕ್ಕೆ ಮೊದಲೇ ನೋಡಬೇಕು. ಅನುಮತಿ ಕೇಳಿ ಮೊದಲು ಚೌಕಿಗೆ ಹೋದೆವು. ಬಣ್ಣದ ವೇಷದವರೊಬ್ಬರು ಕನ್ನಡಿ ಹಿಡಿದು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಿದ್ದರು. ಒಂದೊಂದೇ ಚುಕ್ಕಿ. ಮೊಮ್ಮಗಳು ಉಸಿರು ಬಿಗಿಹಿಡಿದು ನೋಡಿದಳು.

ಪ್ರಸಂಗ ‘ಅಭಿಮನ್ಯು ಕಾಳಗ’. ಚೆಂಡೆಗೆ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಚಕ್ರವ್ಯೂಹದ ಹೊತ್ತಿಗೆ ಮೆಲ್ಲಗೆ ಕೇಳಿದಳು: “ಅಜ್ಜ, ಅವನ ಅಪ್ಪ ಎಲ್ಲಿ?”

“ಅರ್ಜುನ ಬೇರೆ ಕಡೆ ಯುದ್ಧಕ್ಕೆ ಹೋಗಿದ್ದಾನೆ.”

ಆಗ ಪಕ್ಕದ ಖಾಲಿ ಕುರ್ಚಿಯಲ್ಲಿ ಯಾರೋ ಕುಳಿತರು. ನೋಡಿದರೆ ಮಗ.

“ಕೆಲಸ ಮುಗಿಯಿತಾ?”

“ಇಲ್ಲ ಅಪ್ಪ. ನಾಳೆ ನೋಡಿದರಾಯಿತು.”

ಅವಳು ಹಾರಿ ಅವನ ಮಡಿಲೇರಿದಳು. 37 ಪೈಸೆಯ ಆ ದಿನ ಅವನಿಗೆ ನೆನಪಿದೆಯೋ ಇಲ್ಲವೋ, ನಾನು ಕೇಳಲಿಲ್ಲ.

ಮಕ್ಕಳೇ, ರಜೆಯಲ್ಲಿ ಅಜ್ಜ-ಅಜ್ಜಿಯನ್ನು ಎಳೆದುಕೊಂಡು ಹೊರಡಿ. ನಿಮ್ಮೂರಿನಲ್ಲೂ ಹತ್ತು ನಿಮಿಷದ ದಾರಿಯಲ್ಲಿ ನೋಡದೆ ಉಳಿದದ್ದು ಏನಾದರೂ ಇದ್ದೇ ಇರುತ್ತದೆ. ಹೋಗುವಾಗ ಅಪ್ಪ-ಅಮ್ಮನಿಗಾಗಿ ಪಕ್ಕದಲ್ಲಿ ಒಂದು ಕುರ್ಚಿ ಹಿಡಿದಿಡಿ.