ಕತ್ತಲ ಪಟ್ಟಿ ದಾಟುವ ಎಳೆ

ಸೂಕ್ಷ್ಮದರ್ಶಕದ ಪರದೆಯ ಮೇಲೆ ನಿನ್ನೆ ಮತ್ತೊಂದು ನ್ಯೂರೋಫಿಲಮೆಂಟ್, ಅಂದರೆ ನರಕೋಶದೊಳಗಿನ ಪ್ರೋಟೀನ್ ಎಳೆ, ಕತ್ತಲ ಪಟ್ಟಿಯನ್ನು ದಾಟಿತು. ಇಲಿಮರಿಯ ನರಕೋಶ, ಅದರಿಂದ ಉದ್ದಕ್ಕೆ ಬೆಳೆಯುತ್ತಿರುವ ಚಾಚು ಆಕ್ಸಾನ್, ಅದರ ತುಂಬ ಹಸಿರಾಗಿ ಹೊಳೆಯುವ ಎಳೆಗಳು. ನಡುವೆ ಲೇಸರ್ ಹೊಡೆದು ಹೊಳಪು ಅಳಿಸಿದಷ್ಟು ಜಾಗ. ಎಡದಂಚಿನಿಂದ ತೆಳ್ಳನೆಯ ಗೆರೆಯೊಂದು ನುಸುಳಿತು, ನಡುವೆ ನಿಂತಿತು, ತುಸು ಹಿಂದೆ ಸರಿಯಿತು, ಮತ್ತೆ ಮುನ್ನುಗ್ಗಿ ಆಚೆಯ ಹೊಳಪಿನಲ್ಲಿ ಬೆರೆತುಹೋಯಿತು. ಎಷ್ಟು ಸಲ ನೋಡಿದರೂ ಇದರ ಮುಂದೆ ನನ್ನ ಕಾಫಿ ಆರಿಹೋಗುತ್ತದೆ.

ಹಿಂದಿನವರು ವಿಕಿರಣಶೀಲ ಅಮೈನೋ ಆಮ್ಲ ಚುಚ್ಚಿ, ವಾರಗಟ್ಟಲೆ ಕಾದು, ನರವನ್ನು ತುಂಡು ತುಂಡಾಗಿ ಕತ್ತರಿಸಿ ಈ ಎಳೆಗಳ ವೇಗ ಅಳೆದರು. ಸಿಕ್ಕಿದ್ದು ಸರಾಸರಿ: ದಿನಕ್ಕೆ ಹೆಚ್ಚೆಂದರೆ 1 ಮಿಲಿಮೀಟರ್. 2000ದಲ್ಲಿ ಆಂಥೊನಿ ಬ್ರೌನ್ ತಂಡದವರೂ ಸುಭೋಜಿತ್ ರಾಯ್ ತಂಡದವರೂ ಜೀವಂತ ಕೋಶದಲ್ಲೇ ನೋಡಿದರು. ಎಳೆ ಓಡುವಾಗ ಜೋರಾಗಿಯೇ ಓಡುತ್ತದೆ. ಆದರೆ ಸ್ಟಾಪ್ ಕಂಡಲ್ಲೆಲ್ಲ ನಿಲ್ಲುವ ಷಟಲ್ ಬಸ್ಸಿನಂತೆ ಹೊತ್ತಿನ ಬಹುಪಾಲು ನಿಂತೇ ಕಳೆಯುತ್ತದೆ.

ಇಷ್ಟಾದ ಮೇಲೂ ನಿಮಿಷಕ್ಕೊಂದು ಚಿತ್ರ ತೆಗೆಯುವವರಿದ್ದಾರೆ! ಸೆಕೆಂಡಿಗೆ 1 ಮೈಕ್ರೋಮೀಟರ್ ಓಡುವ ಎಳೆ ಒಂದು ನಿಮಿಷದಲ್ಲಿ 60 ಮೈಕ್ರೋಮೀಟರ್ ಹೋಗಿರುತ್ತದೆ. ನಾವು ಅಳಿಸುವ ಪಟ್ಟಿಯ ಅಗಲ ಅದಕ್ಕಿಂತ ಕಡಿಮೆ. ಎರಡು ಚಿತ್ರಗಳ ನಡುವೆಯೇ ಅದು ದಾಟಿ ಹೋದರೂ ಇವರು ‘ಚಲನೆ ಇಲ್ಲ’ ಎಂದು ಬರೆಯುತ್ತಾರೆ. ಬೆಳಕು ಹೆಚ್ಚಾದರೆ ಕೋಶ ಸಾಯುತ್ತದೆ ಎಂಬ ಅವರ ವಾದ ನಿಜ. ಹಾಗಾದರೆ ಬೆಳಕು ತಗ್ಗಿಸಿ, ಚಿತ್ರ ಸ್ವಲ್ಪ ಮಸುಕಾದರೆ ಆಗಲಿ. ನಾನು ನಾಲ್ಕೈದು ಸೆಕೆಂಡಿಗೊಂದು ತೆಗೆಯುತ್ತೇನೆ, ಕೋಶಗಳು ಚೆನ್ನಾಗಿಯೇ ಇರುತ್ತವೆ. 1990ರ ದಶಕದಲ್ಲಿ ಈ ಎಳೆಗಳು ಅಲ್ಲಾಡುವುದೇ ಇಲ್ಲ ಎಂದು ವರ್ಷಗಟ್ಟಲೆ ವಾದ ನಡೆದದ್ದು ಸಾಲದೆ? ಅಂದವಾದ ಚಿತ್ರದ ಆಸೆಗೆ ಅದೇ ತಪ್ಪನ್ನು ಮತ್ತೆ ಮಾಡುವುದನ್ನು ನಾನು ಸಹಿಸಲಾರೆ.

ನಿಜಕ್ಕೂ ನನ್ನನ್ನು ಹಿಡಿದಿಟ್ಟಿರುವುದು ಆ ನಿಲ್ಲುವಿಕೆ. ಎಳೆಗಳು ಹೆಚ್ಚು ಹೊತ್ತು ನಿಂತಲ್ಲಿ ಒತ್ತೊತ್ತಾಗಿ ಸೇರುತ್ತವೆ, ಆಕ್ಸಾನ್ ದಪ್ಪಗಾಗುತ್ತದೆ. ದಪ್ಪಗಾದಷ್ಟೂ ಸಂಕೇತ ಬೇಗ ಹರಿಯುತ್ತದೆ. ಮಯಲಿನ್ ಹೊದಿಕೆ ಬಿಟ್ಟುಹೋಗುವ ರಾನ್ವಿಯೇ ಸಂದುಗಳಲ್ಲಿ ಆಕ್ಸಾನ್ ಸಪೂರ, ಅಲ್ಲಿ ಎಳೆಗಳು ಬೇಗಬೇಗ ದಾಟುತ್ತವೆ. ಮನುಷ್ಯನ ಬೆನ್ನುಹುರಿಯಿಂದ ಕಾಲ್ಬೆರಳಿನವರೆಗಿನ ಆಕ್ಸಾನ್ ಸುಮಾರು 1 ಮೀಟರ್; ದಿನಕ್ಕೆ 1 ಮಿಲಿಮೀಟರ್ ಲೆಕ್ಕದಲ್ಲೂ ಮೂರು ವರ್ಷದ ಹತ್ತಿರದ ಪ್ರಯಾಣ. ಎಎಲ್‌ಎಸ್ ಎಂಬ ನರರೋಗ ಇರುವವರ ಚಾಲಕ ನರಕೋಶಗಳಲ್ಲಿ ಇವೇ ಎಳೆಗಳು ಗುಡ್ಡೆಬಿದ್ದಿರುವುದು ಕಾಣುತ್ತದೆ.

ಆದ್ದರಿಂದ ಈ ಕೆಲಸ ಮಾಡುವವರಲ್ಲಿ ಒಂದು ವಿನಂತಿ: ಎರಡು ಚಿತ್ರಗಳ ನಡುವೆ ಎಷ್ಟು ಸೆಕೆಂಡು ಬಿಟ್ಟಿರಿ ಎಂಬುದನ್ನು ಪ್ರತಿ ಚಿತ್ರದ ಕೆಳಗೂ ಬರೆಯಿರಿ.