ಎರಡು ಇಂಚಿನ ಎತ್ತರ, ಪೆಟ್ಟಿಗೆಯಲ್ಲಿ ಉಳಿದ ಒಂದು ತುಣುಕು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯ ಸಮೀಪದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು, ತೋಟಗಳಿಗೆ ಗೊಬ್ಬರ ಸಾಗಿಸುವ, ಅಲ್ಲಿಂದ ಅಡಿಕೆ ಮೂಟೆಗಳನ್ನು ಪೇಟೆಗೆ ತರುವ ಬಾಡಿಗೆಯ ಕೆಲಸವನ್ನು ಆರಂಭಿಸಿದ್ದ. ಊಟವಾದ ಬಳಿಕ ಮೊಬೈಲ್ ತೆರೆದು ಒಂದು ಚಿತ್ರವನ್ನು ತೋರಿಸಿದ. ದಪ್ಪ ಟಯರುಗಳ ಮೇಲೆ ಎತ್ತರವಾಗಿ ನಿಂತ ಒಂದು ಪಿಕಪ್.

“ಮಾಮು, ನೀವು ದುಬೈಯಲ್ಲಿ ಇದೇ ಕೆಲಸ ಮಾಡುತ್ತಿದ್ದಿರಲ್ಲ? ನನ್ನ ಗಾಡಿಯನ್ನು ನಾಲ್ಕು ಇಂಚು ಎತ್ತರಿಸಬೇಕು. ತೋಟದ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆ” ಎಂದ.

ನಾನಿದ್ದದ್ದು ಶಾರ್ಜಾದಲ್ಲಿ. ಆದರೆ ನಮ್ಮವರಿಗೆ ಸೌದಿಯ ಹೊರಗಿನ ಕೊಲ್ಲಿಯೆಲ್ಲವೂ ದುಬೈಯೇ. ತಿದ್ದುವುದನ್ನು ಎಂದೋ ಬಿಟ್ಟಿದ್ದೇನೆ. ಅವನಿಗೆ ಖರ್ಚಿನ ಲೆಕ್ಕವನ್ನು ಹೇಳುವ ಬದಲು 2012ರ ಡಿಸೆಂಬರ್ ತಿಂಗಳ ಒಂದು ಗುರುವಾರದ ಕಥೆಯನ್ನು ಹೇಳಿದೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಕಥೆಯೂ ಅದಾಗಿರಲಿಲ್ಲ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಾಲುಸಾಲಾಗಿರುವ ಗ್ಯಾರೇಜುಗಳಲ್ಲೊಂದರಲ್ಲಿ ನಾನು ಎರಡು ವರ್ಷಗಳಿಂದ ಕೆಲಸಕ್ಕಿದ್ದೆ. ನನಗೆ ಕೆಲಸ ಕಲಿಸಿದವರು ಪೇಶಾವರದ ಕಡೆಯ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಮದ್ರಸದಲ್ಲಿ ಅಲಿಫ್, ಬಾ ಕಲಿಸಿದ ಉಸ್ತಾದರ ಕೈಯಲ್ಲಿ ಬೆತ್ತವಿತ್ತು. ಇವರ ಕೈಯಲ್ಲಿ ಟಾರ್ಕ್ ರೆಂಚ್. ಭಯ ಮಾತ್ರ ಎರಡೂ ಕಡೆ ಒಂದೇ. ಡಿಸೆಂಬರ್ ಬಂತೆಂದರೆ ಅಲ್ಲಿನ ಜನ ಮರಳುಗಾಡಿನಲ್ಲಿ ಡೇರೆ ಹಾಕಲು ಹೊರಡುತ್ತಾರೆ. ಆಗ ಪಿಕಪ್ ಗಾಡಿಗಳನ್ನು ಎತ್ತರಿಸುವ ಕೆಲಸಕ್ಕೆ ಬಿಡುವೇ ಇರುವುದಿಲ್ಲ.

ಆ ದಿನ ಬಂದದ್ದು ಒಂದು ಟೊಯೋಟಾ ಹೈಲಕ್ಸ್, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಮಾದರಿ. ಅದರ ಮಾಲಿಕರಿಗೆ ಧೈದ್ ಪಟ್ಟಣದ ಆಚೆ ಒಂಟೆಗಳನ್ನು ಸಾಕುವ ಒಂದು ಇಝ್ಬಾ ಇತ್ತು. ಆದರೆ ಗಾಡಿಯನ್ನು ದಿನವೂ ಓಡಿಸುತ್ತಿದ್ದವನು ಬಿಹಾರದ ಸಿವಾನ್ ಜಿಲ್ಲೆಯ ಒಬ್ಬ ಚಾಲಕ. ಒಂಟೆಗಳಿಗೆ ಹುಲ್ಲಿನ ಪಿಂಡಿಗಳನ್ನು, ನೀರಿನ ಡ್ರಮ್ಮುಗಳನ್ನು ಹೊತ್ತೊಯ್ಯುವುದು ಆ ಗಾಡಿಯ ಕೆಲಸ. ಮರಳಿನಲ್ಲಿ ಹೊಟ್ಟೆ ತಾಗುತ್ತದೆ, ಎರಡು ಇಂಚು ಎತ್ತರಿಸಿ ಎಂಬುದು ಮಾಲಿಕರ ಬೇಡಿಕೆಯಾಗಿತ್ತು.

ಹೊರಗಿನಿಂದ ನೋಡಿದವರಿಗೆ ಇದು ಸರಳವಾದ ಕೆಲಸವೆನಿಸುತ್ತದೆ. ಹೈಲಕ್ಸಿನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಜೋಡಿಯಾಗಿರುತ್ತವೆ. ಹಿಂಭಾಗದಲ್ಲಿ ಆಕ್ಸಲ್ ಮೇಲೆ ಕಮಾನು ಪಟ್ಟಿಗಳ ಕಟ್ಟು ಕೂತಿರುತ್ತದೆ. ಮುಂದೆ ಉದ್ದದ ಸ್ಪ್ರಿಂಗ್ ಹಾಕಿ, ಹಿಂದೆ ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸಿದರೆ ಗಾಡಿ ಎದ್ದು ನಿಲ್ಲುತ್ತದೆ. ಮುಂಭಾಗದ ಕೆಲಸವನ್ನು ಉಸ್ತಾದ್ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಗಾಡಿಯಿಂದ ಬಿಚ್ಚಿ ತೆಗೆದ ಆ ಕಂಬದೊಳಗೆ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲಿಯೇ ಇರುತ್ತದೆ. ಕಂಪ್ರೆಸರ್ ಹಾಕಿ ಅದನ್ನು ಬಿಗಿಯಾಗಿ ಹಿಡಿಯದೆ ನಡುವಿನ ನಟ್ಟನ್ನು ಸಡಿಲಿಸಿದರೆ ಅದು ಗುಂಡಿನಂತೆ ಹಾರುತ್ತದೆ. ನಟ್ ತಿರುಗಿಸುವಾಗ ಸ್ಪ್ರಿಂಗಿನ ನೇರಕ್ಕೆ ನಿಲ್ಲಲು ಅವರು ಯಾರನ್ನೂ ಬಿಡುತ್ತಿರಲಿಲ್ಲ, ತಾವೂ ನಿಲ್ಲುತ್ತಿರಲಿಲ್ಲ.

ಹಿಂಭಾಗ ನನ್ನ ಪಾಲಿಗೆ ಬಂತು. ಮೊದಲ ಬಾರಿಗೆ ಒಬ್ಬನೇ. ಚಾಸಿಸ್ ಅಡಿಗೆ ಸ್ಟ್ಯಾಂಡುಗಳನ್ನು ಕೊಟ್ಟು, ಆಕ್ಸಲನ್ನು ಜ್ಯಾಕ್ ಮೇಲೆ ನಿಲ್ಲಿಸಿ, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿದೆ. ಹಳೆಯ ಯು ಬೋಲ್ಟುಗಳನ್ನು ತೆಗೆದು ಬದಿಗೆಸೆದೆ. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಬಳಸುವಂತಿಲ್ಲ, ಅದರ ಎಳೆ ಆಗಲೇ ಹಿಗ್ಗಿರುತ್ತದೆ. ಪಟ್ಟಿಗಳ ಕಟ್ಟನ್ನು ಬಿಚ್ಚಿ ಹೊಸ ಪಟ್ಟಿಯನ್ನು ನಡುವೆ ಸೇರಿಸಿ, ಸೆಂಟರ್ ಬೋಲ್ಟ್ ಹಾಕಿ, ಅದರ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದೆ. ಅದು ಕೂರದಿದ್ದರೆ ಆಕ್ಸಲ್ ಓರೆಯಾಗಿ ನಿಂತು, ಗಾಡಿ ಏಡಿಯಂತೆ ಪಕ್ಕಕ್ಕೆ ಸರಿಯುತ್ತ ಓಡುತ್ತದೆ. ಬುಷ್‌ಗಳಿರುವ ಬೋಲ್ಟುಗಳನ್ನು ಗಾಡಿ ಮೇಲಿರುವಾಗ ಅರೆಬಿಗಿ ಮಾಡಿ, ಚಕ್ರಗಳು ನೆಲಕ್ಕೆ ತಾಗಿ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿದೆ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಇವೆಲ್ಲವೂ ನನಗೆ ಬಾಯಿಪಾಠವಾಗಿದ್ದವು.

ಬಾಯಿಪಾಠದ ನಡುವೆ ಒಂದು ಸಾಲು ಜಾರಿತು.

ಆ ಗಾಡಿಯ ಹಿಂಬದಿಯ ಚಾಸಿಸ್‌ಗೆ ಒಂದು ಸಣ್ಣ ವಾಲ್ವ್ ಇತ್ತು. ಅದರಿಂದ ಹೊರಟ ತೆಳುವಾದ ಕಡ್ಡಿಯೊಂದು ಆಕ್ಸಲ್‌ಗೆ ಜೋಡಿಸಲ್ಪಟ್ಟಿತ್ತು. ಇದನ್ನು ಲೋಡ್ ಸೆನ್ಸಿಂಗ್ ವಾಲ್ವ್ ಎನ್ನುತ್ತಾರೆ. ಗಾಡಿಯ ಮೇಲೆ ಹೊರೆ ಬಿದ್ದಾಗ ಚಾಸಿಸ್ ಕುಸಿದು ಆಕ್ಸಲ್‌ಗೆ ಹತ್ತಿರವಾಗುತ್ತದೆ. ಆ ಅಂತರವನ್ನು ಕಡ್ಡಿ ವಾಲ್ವ್‌ಗೆ ತಿಳಿಸುತ್ತದೆ. ವಾಲ್ವ್ ಹಿಂದಿನ ಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಗಾಡಿ ಖಾಲಿಯಿದ್ದು ಚಾಸಿಸ್ ಮೇಲೆದ್ದಾಗ ಒತ್ತಡವನ್ನು ತಗ್ಗಿಸುತ್ತದೆ, ಇಲ್ಲವಾದರೆ ಹಗುರವಾದ ಹಿಂದಿನ ಚಕ್ರಗಳು ಬ್ರೇಕ್ ಒತ್ತಿದೊಡನೆ ತಿರುಗುವುದನ್ನು ನಿಲ್ಲಿಸಿ ಜಾರುತ್ತವೆ. ಈಗ ಯೋಚಿಸಿ: ನಾವು ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದೇವೆ. ಬೆನ್ನ ಮೇಲೆ ಹುಲ್ಲಿನ ಹೊರೆಯಿದ್ದರೂ ಆ ಕಡ್ಡಿ “ಗಾಡಿ ಹಗುರವಾಗಿದೆ” ಎಂದೇ ಹೇಳುತ್ತದೆ. ಹೊಸ ಪಟ್ಟಿ ಸೇರಿ ಕಮಾನು ಗಡುಸಾಗಿರುವುದರಿಂದ ಹೊರೆ ಬಿದ್ದರೂ ಚಾಸಿಸ್ ಮೊದಲಿನಷ್ಟು ಕುಸಿಯುವುದಿಲ್ಲ, ಸುಳ್ಳು ಇಮ್ಮಡಿಯಾಗುತ್ತದೆ. ಇದಕ್ಕೆಂದೇ ಆ ಕಿಟ್‌ನಲ್ಲಿ ಅಂಗೈಯಗಲದ ಒಂದು ಬ್ರಾಕೆಟ್ ಬಂದಿತ್ತು. ಕಡ್ಡಿಯ ಕೆಳತುದಿಯನ್ನು ಆಕ್ಸಲ್‌ನಿಂದ ಅಷ್ಟೇ ಎತ್ತರಕ್ಕೆ ಏರಿಸಿದರೆ ವಾಲ್ವ್‌ಗೆ ಮತ್ತೆ ನಿಜ ತಿಳಿಯುತ್ತದೆ.

ಬೆಳಿಗ್ಗೆ ಆಕ್ಸಲ್ ಇಳಿಸಲು ಕಡ್ಡಿಯನ್ನು ಬಿಚ್ಚಿದವನು ನಾನೇ. ಮಧ್ಯಾಹ್ನ ಅದನ್ನು ಹಳೆಯ ಜಾಗಕ್ಕೇ ಮರಳಿ ಜೋಡಿಸಿದವನೂ ನಾನೇ.

ಅಸರ್ ನಮಾಝ್ ಮುಗಿಸಿ ಬಂದು ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆವು, ಹೆಡ್‌ಲೈಟುಗಳನ್ನು ತಗ್ಗಿಸಿದೆವು. ಅಂಗಳದಲ್ಲಿ ಖಾಲಿ ಗಾಡಿಯನ್ನು ಓಡಿಸಿ ಬ್ರೇಕ್ ಒತ್ತಿದೆ, ಸೊಗಸಾಗಿ ನಿಂತಿತು. ಖಾಲಿ ಗಾಡಿ ನಿಲ್ಲಲೇಬೇಕು, ಏಕೆಂದರೆ ಕಡ್ಡಿ ಹೇಳುತ್ತಿದ್ದ ಸುಳ್ಳು ಆ ಹೊತ್ತಿಗೆ ನಿಜವಾಗಿತ್ತು. ಜಾಬ್ ಕಾರ್ಡಿನಲ್ಲಿ ಬ್ರೇಕಿನ ಮುಂದೆ ಸರಿ ಗುರುತು ಹಾಕಿ ಸಹಿ ಮಾಡಿದೆ. ಮಗ್ರಿಬ್‌ಗೆ ಮುಂಚೆ ಚಾಲಕ ಬಂದು ಗಾಡಿಯನ್ನು ಕೊಂಡೊಯ್ದ. ಹೊರಡುವಾಗ, “ಈಗ ದೊಡ್ಡವರ ಗಾಡಿಯ ಹಾಗೆ ಕಾಣುತ್ತದೆ ಭಾಯ್” ಎಂದು ನಕ್ಕ.

ನೆಲ ಗುಡಿಸುವಾಗ ಕಿಟ್‌ನ ಖಾಲಿ ಪೆಟ್ಟಿಗೆಯನ್ನು ಮಡಚಲು ಹೋದೆ. ಒಳಗೇನೋ ಸದ್ದಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಆ ಬ್ರಾಕೆಟ್, ಎರಡು ಬೋಲ್ಟು, ಎರಡು ವಾಷರ್.

ಕೈಕಾಲು ತಣ್ಣಗಾದವು ಎಂಬುದು ಮಾತಿನ ಅಲಂಕಾರವಲ್ಲ. ಗ್ಯಾರೇಜಿನ ಯಜಮಾನರ ಬಳಿಗೆ ಹೋಗಿ ವಿಷಯವನ್ನು ತಿಳಿಸಿದೆ. ಅವರು ಗಾಬರಿಯಾಗಲಿಲ್ಲ. “ಯು ಬೋಲ್ಟ್ ಮತ್ತೆ ಬಿಗಿಯಲು ಐನೂರು ಕಿಲೋಮೀಟರಿಗೆ ಬಂದೇ ಬರುತ್ತಾನೆ. ಆಗ ಸದ್ದಿಲ್ಲದೆ ಹಾಕಿಬಿಡು. ಬ್ರೇಕ್ ಇಲ್ಲವೆಂದಲ್ಲವಲ್ಲ, ಸ್ವಲ್ಪ ಕಡಿಮೆ ಅಷ್ಟೇ” ಎಂದರು. ಆ ಮಾತಿನಲ್ಲಿ ಒಂದು ಅಂಶ ನಿಜವೇ ಆಗಿತ್ತು. ಬ್ರೇಕ್ ಇತ್ತು, ಮುಂದಿನ ಚಕ್ರಗಳು ಹೆಚ್ಚಿನ ಕೆಲಸವನ್ನು ಮಾಡುತ್ತಿದ್ದವು. ನನ್ನ ಮನಸ್ಸು ಆ ನಿಜವನ್ನು ಹಿಡಿದುಕೊಳ್ಳಲು ಎಷ್ಟು ಆತುರಪಟ್ಟಿತೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಆ ತಿಂಗಳು ಊರಿನಲ್ಲಿ ತಂಗಿಯ ನಿಕಾಹ್ ನಿಶ್ಚಯವಾಗಿತ್ತು. ಸಂಬಳದಲ್ಲಿ ಒಂದು ದಿರ್ಹಮ್ ಕಡಿತವಾದರೂ ಲೆಕ್ಕ ತಪ್ಪುತ್ತಿತ್ತು. ಮೌನವಾಗಿರಲು ನನ್ನ ಬಳಿ ಒಳ್ಳೆಯ ಕಾರಣಗಳೇ ಇದ್ದವು.

ಕಾರ್ಡಿನಲ್ಲಿದ್ದ ಚಾಲಕನ ಸಂಖ್ಯೆಗೆ ಕರೆ ಮಾಡಿದೆ. ಎತ್ತಲಿಲ್ಲ. ಇಶಾ ಆದ ಬಳಿಕ ಮತ್ತೆ ಮಾಡಿದೆ. ಫೋನ್ ಬಂದ್ ಆಗಿತ್ತು.

ಉಸ್ತಾದ್ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ನಾನು ಬ್ರಾಕೆಟನ್ನು ಅವರ ಮುಂದಿಟ್ಟೆ. ಅವರು ಅದನ್ನು ಎತ್ತಿ ನೋಡಿ, ಬೈಯದೆ, “ನಾಳೆ ಜುಮಾ. ಒಂಟೆಗಳಿಗೆ ಜುಮಾ ರಜೆ ಇಲ್ಲ, ಅವನು ಬೆಳಿಗ್ಗೆಯೇ ಹುಲ್ಲು ತುಂಬುತ್ತಾನೆ. ಫಜ್ರ್ ಮುಗಿಸಿ ಹೊರಡೋಣ ಬೇಟಾ” ಎಂದರು. ಆಮೇಲೆ ಸ್ವಲ್ಪ ತಡೆದು, “ಕಡೆಯಲ್ಲಿ ನಾನೊಮ್ಮೆ ಅಡಿಯಲ್ಲಿ ಮಲಗಿ ನೋಡಬೇಕಿತ್ತು. ನೋಡಲಿಲ್ಲ” ಎಂದರು. ತಪ್ಪನ್ನು ಅವರು ಅರ್ಧ ಹಂಚಿಕೊಂಡ ಆ ಮಾತು ನನಗೆ ಬೈಗುಳಕ್ಕಿಂತಲೂ ಹೆಚ್ಚು ಚುಚ್ಚಿತು.

ನೆರೆಯ ಅಂಗಡಿಯವರ ಹಳೆಯ ಕಾರನ್ನು ಕೇಳಿ ಪಡೆದು, ಸಲಕರಣೆಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೊರಟೆವು. ಧೈದ್ ಶಾರ್ಜಾ ನಗರದಿಂದ ಸುಮಾರು ಒಂದು ಗಂಟೆಯ ದಾರಿ. ದಾರಿಯುದ್ದಕ್ಕೂ ಮಂಜು. ಎದುರಿಗೆ ನಿಂತ ವಾಹನ ಕಂಡರೆ ಸಾಕು, ಅದೇ ಗಾಡಿಯೇ ಎಂದು ಎದೆ ಹಾರುತ್ತಿತ್ತು.

ಇಝ್ಬಾ ಸಿಕ್ಕಿದಾಗ ಬೆಳಕು ಪೂರ್ತಿ ಹರಿದಿತ್ತು. ಬೇಲಿಯ ಪಕ್ಕದಲ್ಲಿ ಹೈಲಕ್ಸ್ ನಿಂತಿತ್ತು. ಬೆನ್ನ ಮೇಲೆ ಹುಲ್ಲಿನ ಪಿಂಡಿಗಳು ಕ್ಯಾಬಿನ್ನಿನ ಎತ್ತರವನ್ನೂ ಮೀರಿದ್ದವು. ಚಾಲಕ ನಮ್ಮನ್ನು ಕಂಡು ಬೆಚ್ಚಿದ. ನಾವು ಬಾಯಿ ತೆರೆಯುವ ಮೊದಲೇ ಅವನು, “ಉಸ್ತಾದ್‌ಜೀ, ಗಾಡಿಗೆ ಏನೂ ಆಗಿಲ್ಲ, ಸುಮ್ಮನೆ ಒರೆಸಿದ ಗುರುತು ಅಷ್ಟೇ” ಎಂದ. ಮುಂಜಾನೆ ಹುಲ್ಲು ತುಂಬಿಕೊಂಡು ಬರುವಾಗ ವೃತ್ತದ ಬಳಿ ಗಾಡಿ ಅವನೆಣಿಸಿದಲ್ಲಿ ನಿಂತಿರಲಿಲ್ಲ. ಮೂಗು ಬಗ್ಗಿಸಿಕೊಂಡು ಮುಂದೆ ಸಾಗಿ ಕಲ್ಲಿನ ಅಂಚಿಗೆ ಬಂಪರನ್ನು ಉಜ್ಜಿ ನಿಂತಿತ್ತು. ಎದುರಿಗೆ ಯಾರೂ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಅವನು ಅದನ್ನು ತನ್ನ ತಪ್ಪೆಂದೇ ನಂಬಿದ್ದ. ಎತ್ತರದ ಗಾಡಿಯನ್ನು ಓಡಿಸಿ ಅಭ್ಯಾಸವಿಲ್ಲ, ಅಂದಾಜು ತಪ್ಪಿತು, ಮಾಲಿಕರು ನೋಡಿದರೆ ಸಂಬಳ ಹಿಡಿಯುತ್ತಾರೆ ಎಂದು ಹೆದರಿ ಫೋನನ್ನೇ ಬಂದ್ ಮಾಡಿಕೊಂಡಿದ್ದೆ ಎಂದೂ, ನಿನ್ನೆ ರಾತ್ರಿಯದು ಮಾತ್ರ ಚಾರ್ಜ್ ಮುಗಿದದ್ದು ಎಂದೂ ಒಂದೇ ಉಸಿರಿನಲ್ಲಿ ಹೇಳಿದ.

ನಾನು ಬ್ರಾಕೆಟನ್ನು ಅವನ ಕೈಗಿತ್ತು, “ತಪ್ಪು ನಿನ್ನದಲ್ಲ ಭಾಯ್, ನನ್ನದು” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹುಲ್ಲನ್ನು ಇಳಿಸುವ ಮುನ್ನ ಅವನನ್ನು ಗಾಡಿಯ ಅಡಿಗೆ ಕರೆದು ಆ ಕಡ್ಡಿಯನ್ನು ತೋರಿಸಿದೆ. ಅಷ್ಟು ಹೊರೆಯಿದ್ದರೂ ಅದು ಕೆಳಕ್ಕೆ ಎಳೆದುಕೊಂಡೇ ಇತ್ತು. ಬ್ರಾಕೆಟ್ ಕೂರಿಸಲು ಹಿಡಿದದ್ದು ಅರ್ಧ ಗಂಟೆಗಿಂತ ಕಡಿಮೆ. ಬಳಿಕ ಅದೇ ಹೊರೆಯೊಂದಿಗೆ ಇಝ್ಬಾದ ಗಟ್ಟಿ ದಾರಿಯಲ್ಲಿ ಅವನೇ ಓಡಿಸಿ ಬ್ರೇಕ್ ಒತ್ತಿದ. ಎರಡನೆಯ ಸಲ ಒತ್ತಿದಾಗ ಅವನ ಮುಖದಲ್ಲಿ ಮೂಡಿದ ಬಿಡುಗಡೆಯನ್ನು ನಾನು ಮರೆತಿಲ್ಲ.

ಮಾಲಿಕರು ಬರುವವರೆಗೂ ಕಾದೆವು. ಉಸ್ತಾದ್ ಅರಬಿಯಲ್ಲಿ ಮಾತನಾಡಬಲ್ಲವರು, ಆದರೂ ಸುಮ್ಮನೆ ನಿಂತರು. ನನಗೆ ಬರುವ ಹರುಕುಮುರುಕು ಅರಬಿಯಲ್ಲಿ ನಾನೇ ಹೇಳಬೇಕಾಯಿತು. ಅವರು ಬಂಪರನ್ನು ನೋಡಿದರು, ನನ್ನನ್ನು ನೋಡಿದರು, ಆ ವೃತ್ತ ಯಾವುದೆಂದು ಚಾಲಕನನ್ನು ಕೇಳಿದರು. ಶಾಲೆಯ ಬಸ್ಸುಗಳು ತಿರುಗುವ ವೃತ್ತವೆಂದು ತಿಳಿದಾಗ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಅಂದು ಶುಕ್ರವಾರವಾದ್ದರಿಂದ ಬಸ್ಸುಗಳಿರಲಿಲ್ಲ. ಕಡೆಗೆ ಗಾವಾ ತರಿಸಿದರು. ಅವರು ಕ್ಷಮಿಸಿದರೋ ಇಲ್ಲವೋ ನನಗೆ ಈಗಲೂ ತಿಳಿಯದು; ಗಾಡಿಯನ್ನು ಮಾತ್ರ ಮುಂದೆಂದೂ ನಮ್ಮ ಗ್ಯಾರೇಜಿಗೆ ಕಳುಹಿಸಲಿಲ್ಲ. ಬಂಪರಿನ ಖರ್ಚು ಮತ್ತು ಹೋದ ಗಿರಾಕಿಯ ಲೆಕ್ಕವೆಂದು ಯಜಮಾನರು ನನ್ನ ಅರ್ಧ ತಿಂಗಳ ಸಂಬಳವನ್ನು ಹಿಡಿದರು. ನಿಕಾಹ್‌ಗೆ ಕಳುಹಿಸಬೇಕಾದ ಹಣದಲ್ಲಿ ಕೊರತೆಯಾದದ್ದನ್ನು ಉಸ್ತಾದ್ ಸಾಲವಾಗಿ ಕೊಟ್ಟರು. ತೀರಿಸಲು ನನಗೆ ಎಂಟು ತಿಂಗಳು ಬೇಕಾಯಿತು.

ಇಷ್ಟನ್ನೂ ಕೇಳಿದ ಬಳಿಕ ಅಕ್ಕನ ಮಗ, “ಹಾಗಾದರೆ ಎತ್ತರಿಸುವುದೇ ಬೇಡವೆನ್ನುತ್ತೀರಾ?” ಎಂದು ಕೇಳಿದ.

ನಾನು ಹಾಗೆನ್ನಲಿಲ್ಲ. ಅಲ್ಲಿ ಮರಳಿತ್ತು, ಅಗತ್ಯವಿತ್ತು. ಇಲ್ಲಿ ಮೊದಲು ಕಾನೂನು ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೂ ಅದೇ ಆದೀತು. ಅದರ ಮೇಲೆ ನಾಲ್ಕು ಇಂಚು ಎತ್ತರಿಸಿ, ಮೂಟೆಗಳನ್ನು ಹೇರಿ, ಆಗುಂಬೆಯ ತಿರುವುಗಳಲ್ಲಿ ಇಳಿಯುವುದನ್ನು ನೆನೆದರೆ ನನಗೆ ನಿದ್ದೆ ಬಾರದು. ಭಾರದ ಕೇಂದ್ರ ಮೇಲೇರಿದಷ್ಟೂ ಗಾಡಿ ಸುಲಭವಾಗಿ ಮಗುಚುತ್ತದೆ. ಸವೆದ ಕಮಾನು ಪಟ್ಟಿಗಳನ್ನು ಬದಲಿಸಿದರೆ ಗಾಡಿ ತನ್ನ ಹುಟ್ಟಿನ ಎತ್ತರಕ್ಕೆ ಮರಳೀತು. ಹೊಟ್ಟೆ ತಾಗುವುದು ಅಷ್ಟರಲ್ಲೇ ನಿಂತರೂ ನಿಂತೀತು. ಹೀಗೆಂದು, “ಮೊದಲು ನಿನ್ನ ಗಾಡಿಯ ಅಡಿಯಲ್ಲಿ ಏನಿದೆಯೆಂದು ನೋಡಿದ್ದೀಯಾ?” ಎಂದು ಕೇಳಿದೆ.

ನೋಡಿರಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಹಳೆಯ ಚಾಪೆ ಹಾಸಿ, ಮೊಬೈಲ್ ಟಾರ್ಚ್ ಹಿಡಿದು ಒಳಗೆ ಸರಿದ. ಸ್ವಲ್ಪ ಹೊತ್ತು ಕೆಮ್ಮಿನ ಸದ್ದು ಮಾತ್ರ ಕೇಳುತ್ತಿತ್ತು.

“ಮಾಮು, ಇಲ್ಲಿ ನೀವು ಹೇಳಿದಂಥದೇ ಒಂದು ಕಡ್ಡಿ ಇದೆ. ತುಕ್ಕು ಹಿಡಿದು ಅಲುಗಾಡುವುದೇ ಇಲ್ಲ.”

“ಎಳೆಯಬೇಡ, ಹಾಗೇ ಇರಲಿ” ಎಂದು, ಲುಂಗಿಯನ್ನು ಎತ್ತಿ ಕಟ್ಟಿ, ನಾನೂ ಚಾಪೆಯ ಮೇಲೆ ಮಲಗಿದೆ.