ಎರಡು ನದಿಗಳ ನಡುವಿನ ಗೋಕರ್ಣ

ಹಾನಗಲ್ಲಿನಿಂದ ಕೋಳಿ ಕೂಗುವ ಹೊತ್ತಿಗೆ ಹೊರಟರೆ ಮಧ್ಯಾಹ್ನದೊಳಗೆ ಗೋಕರ್ಣದ ಕಡಲಲ್ಲಿ ಕಾಲು ತೊಳೆಯಬಹುದು. ಶಿಗ್ಗಾವಿ, ಸವಣೂರಿನವರು ಹಾನಗಲ್ ಮೇಲೆ, ಹಿರೇಕೆರೂರಿನವರು ಶಿರಾಳಕೊಪ್ಪ, ಬನವಾಸಿ ಮೇಲೆ ಶಿರಸಿ ಸೇರಿದರೆ ಮುಂದೆ ಎಲ್ಲರಿಗೂ ದೇವಿಮನೆ ಘಟ್ಟದ ದಾರಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಒಂದು ದಿನಕ್ಕೆ ಸಾಕು.

ಶಿರಸಿ ನೀರು ಹಂಚುವ ಸೀಮೆ. ಇಲ್ಲಿ ಮೂಡಣದ ಇಳಿಜಾರಿಗೆ ಬಿದ್ದ ಮಳೆ ವರದಾ ನದಿ ಸೇರಿ, ತುಂಗಭದ್ರೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿ ಕಾಣುತ್ತದೆ. ಪಡುವಣಕ್ಕೆ ಹರಿದದ್ದು ಅಘನಾಶಿನಿಯಾಗಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಅರಬ್ಬೀ ಸಮುದ್ರಕ್ಕೆ ಓಡುತ್ತದೆ. ಊರೊಳಗಿನ ಶಂಕರಹೊಂಡವನ್ನು ಈ ನದಿಯ ಮೂಲಗಳಲ್ಲೊಂದು ಎನ್ನುತ್ತಾರೆ.

ಘಟ್ಟ ಇಳಿದು ಕುಮಟಾ, ಮಿರ್ಜಾನ್ ಕೋಟೆ ದಾಟಿದರೆ ಗೋಕರ್ಣ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಡುವಣಕ್ಕೆ ಕಡಲು. ಹೀಗೆ ಮೂರು ಕಡೆ ನೀರು ಸುತ್ತುವರಿದ ನೆಲದ ನಾಲಗೆ ಇದು. ಮಹಾಬಲೇಶ್ವರನ ದರ್ಶನ ಮುಗಿಸಿ ದಕ್ಷಿಣಕ್ಕೆ ನಡೆದರೆ ಕಲ್ಲುಗುಡ್ಡಗಳ ಮರೆಯಲ್ಲಿ ಒಂದೊಂದೇ ತೀರ: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಗುಡ್ಡದ ಮೇಲಿಂದ ನೋಡಿದರೆ ಎರಡು ಕೊಲ್ಲಿಗಳು ಕೂಡಿ ಓಂಕಾರದಂತೆ ಕಾಣುತ್ತವೆ. ಓಂ ತೀರದ ಹೆಸರು ಅದರಿಂದಲೇ.

ಆದರೆ ಹೆಚ್ಚಿನವರು ನೋಡದೆ ಹಿಂದಿರುಗುವ ಜಾಗ ತದಡಿ. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡುತ್ತ ಇಲ್ಲಿಗೆ ಬಂದರೆ ಅಘನಾಶಿನಿಯ ಅಳಿವೆ ಕಣ್ತುಂಬುತ್ತದೆ. ಸಿಹಿನೀರು, ಉಪ್ಪುನೀರು ಹದವಾಗಿ ಬೆರೆಯುವುದರಿಂದ ಇಲ್ಲಿ ಬಳಚು, ಏಡಿ, ಸಿಗಡಿ ಸಮೃದ್ಧ. ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬಳಚು ಆರಿಸುತ್ತಾರೆ. ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆಗಾಲದ ಹೊಳೆ ಮಣ್ಣಿನ ಉಪ್ಪನ್ನು ತೊಳೆದರೇನೇ ಅದು ಮೊಳೆಯುವುದು. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಹಾವೇರಿ ಸೀಮೆಯವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕಾದ ಕಾರಣವಿದೆ. ಉತ್ತರದಲ್ಲಿ ಕಡಲು ಸೇರುವ ಗಂಗಾವಳಿಯೇ ಮೇಲೆ ಬೇಡ್ತಿ. ಅದರ ನೀರನ್ನು ವರದೆಗೆ ತಿರುಗಿಸುವ ಯೋಜನೆ 2022ರ ರಾಜ್ಯ ಬಜೆಟ್ಟಿನಲ್ಲಿ ಬಂದಿತ್ತು. ಬೇಸಿಗೆಯಲ್ಲಿ ವರದೆ ಬತ್ತಿ ಮರಳಾಗುವುದನ್ನು ಕಂಡ ರೈತರಿಗೆ ಅದು ಬೇಕು. ಘಟ್ಟದವರು, ಕರಾವಳಿಯವರು ಬೇಡವೆನ್ನುತ್ತಾರೆ. ಕಡಲಿಗೆ ಹೋಗುವ ನೀರು ವ್ಯರ್ಥವೆಂಬ ಮಾತು ನಮ್ಮ ಕಡೆ ಸಾಮಾನ್ಯ. ಹೊಳೆ ಬಡವಾದರೆ ಉಪ್ಪುನೀರು ಮೇಲಕ್ಕೇರುತ್ತದೆ, ಗದ್ದೆ, ಬಾವಿ ಕೆಡುತ್ತವೆ ಎಂಬುದನ್ನು ಅಳಿವೆಯ ದಂಡೆಯಲ್ಲಿ ನಿಂತು ತೂಗಿ ನೋಡಬಹುದು.

ತದಡಿಯಿಂದ ದೋಣಿಯಲ್ಲಿ ಎದುರಿನ ಅಘನಾಶಿನಿ ಹಳ್ಳಿಗೆ ದಾಟಿ, ಕುಮಟಾ ಸೇರಿ ಹಿಂದಿರುಗಬಹುದು. ನವೆಂಬರಿನಿಂದ ಫೆಬ್ರುವರಿ ಪ್ರವಾಸಕ್ಕೆ ಹಿತ. ಮಳೆಗಾಲದಲ್ಲಿ ಸಮುದ್ರಕ್ಕಿಳಿಯುವುದು ಅಪಾಯ. ಘಟ್ಟದ ರಸ್ತೆಯ ಸ್ಥಿತಿಯನ್ನೂ ಮೊದಲೇ ವಿಚಾರಿಸಿ ಹೊರಡುವುದು ಒಳ್ಳೆಯದು.